ಮೂರು ಸಿಲಿಂಡರು, ನಲವತ್ತೇಳು ಲಕ್ಷ!

ಇದನ್ನು ಓದಿ ನಮ್ಮವರಲ್ಲೇ ಕೆಲವರಿಗೆ ಸಿಟ್ಟು ಬರುತ್ತೆ ಅಂತ ಗೊತ್ತಿದ್ದೇ ಬರೀತಾ ಇದ್ದೀನಿ. ಈಚೀಚೆಗೆ ಮುಂಬಯಿಯ ಕನ್ನಡ ಕಾರ್ಯಕ್ರಮಗಳಿಗೆ ಹೋದರೆ ಸಭಾಂಗಣದ ಹೊರಗೆ ನೀಲಿ-ಬಿಳಿ ಚಕ್ರ, ಮೂರು ಮೂಲೆ ನಕ್ಷತ್ರ, ನಾಲ್ಕು ಉಂಗುರ ಎಲ್ಲಾ ಸಾಲಾಗಿ ನಿಂತಿರುತ್ತವೆ. ಸಂತೋಷವೇ. ಸ್ವಂತ ಹೋಟೆಲು, ಸ್ವಂತ ವ್ಯಾಪಾರ ಇದ್ದು, ಕೈಯಲ್ಲಿ ದುಡ್ಡಿಟ್ಟುಕೊಂಡು ತಗೊಂಡವರ ಬಗ್ಗೆ ನನ್ನದೇನೂ ತಕರಾರಿಲ್ಲ. ಅವರ ದುಡ್ಡು, ಅವರ ಗಾಡಿ. ನನ್ನ ಜಗಳ ಸಂಬಳದವರ ಜತೆ. ಅಂದರೆ ನನ್ನಂಥವರು, ನನ್ನ ಅಕ್ಕ-ತಂಗಿಯರ ಮಕ್ಕಳು, ತಿಂಗಳ ಕೊನೇ ದಿನ ಮೊಬೈಲಿಗೆ ಮೆಸೇಜು ಬಂದ ಮೇಲೆ ಉಸಿರು ಬಿಡುವವರು. 20 ಲಕ್ಷದೊಳಗೆ ಚೂಟಿಯಾದ, ಗಟ್ಟಿಮುಟ್ಟಾದ ಸೆಡಾನ್ ಸಿಗುತ್ತಿರುವಾಗ ಅದನ್ನು ಬಿಟ್ಟು, ಏಳು ವರ್ಷದ ಸಾಲ ಮಾಡಿ, ಲಕ್ಷುರಿ ಕಂಪನಿಯ ಎಲ್ಲಕ್ಕಿಂತ ಕೆಳಗಿನ ಮಾಡೆಲ್ಲನ್ನು ಮನೆಗೆ ತರುವುದು ದಡ್ಡತನ ಅಂತ ನನ್ನ ವಾದ. ಮೆತ್ತಗೆ ಹೇಳೋದಕ್ಕೆ ನನಗೆ ಬರಲ್ಲ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಫೈಲು ನೋಡಿದ ನಾಲಿಗೆ ಇದು.

ನಾನೇನೂ ಕಾರು ಕಂಡರಾಗದ ಮುದುಕ ಅಲ್ಲ ಸ್ವಾಮಿ. "ಎಷ್ಟು ಕೊಡುತ್ತೆ?" ಅಂತ ಮೈಲೇಜು ಮಾತ್ರ ಕೇಳುವ ಪೈಕಿಯೂ ಅಲ್ಲ. ಹೋಂಡಾ ಸಿಟಿಯ ಹಳೇ 1.5 ವಿಟೆಕ್ ಇತ್ತಲ್ಲ, ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಹತ್ತು ವರ್ಷ ಓಡಿಸಿದ್ದೀನಿ. ಎಂಜಿನ್ನು ಮೇಲೇರುವಾಗ ಬರುವ ಆ ಸದ್ದಿಗಾಗಿಯೇ ಸುಮ್ಮಸುಮ್ಮನೆ ಗೇರು ಇಳಿಸುತ್ತಿದ್ದೆ. ಪಕ್ಕದ ಸೀಟಿನಲ್ಲಿ ನನ್ನಾಕೆ "ಸ್ವಲ್ಪ ನಿಧಾನ ರೀ" ಅನ್ನೋದು, ನಾನು ಕೇಳಿಸದ ಹಾಗೆ ಇರೋದು. 2004ರಲ್ಲಿ ಸ್ಕೋಡಾದವರು ಆಕ್ಟೇವಿಯಾ ಆರ್‌ಎಸ್ ಬಿಟ್ಟಾಗ, 1.8 ಲೀಟರ್ ಟರ್ಬೋ, 150 ಹಾರ್ಸ್‌ಪವರ್, ಅದರ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ಕೊಳ್ಳುವ ತಾಕತ್ತು ಇರಲಿಲ್ಲ, ನೋಡಿಕೊಂಡು ಲೆಡ್ಜರ್ ಟ್ಯಾಲಿ ಮಾಡ್ತಿದ್ದೆ ಅಷ್ಟೇ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ವೇಗ ಬೇಕು ಅನ್ನುವ ಆಸೆಯನ್ನು ನಾನು ಬೈಯುತ್ತಿಲ್ಲ. ಆ ಆಸೆಗೆ ಹೆಚ್ಚು ದುಡ್ಡು ಕೊಟ್ಟು ಕಡಿಮೆ ತಗೊಳ್ಳುತ್ತಾರಲ್ಲ, ಅದನ್ನು ಬೈಯುತ್ತಿದ್ದೀನಿ.

ಈಗ ವಿಷಯಕ್ಕೆ ಬರೋಣ. ಫೋಕ್ಸ್‌ವ್ಯಾಗನ್ ವರ್ಟಸ್ 2022ರ ಜೂನ್‌ನಲ್ಲಿ ಬಂತು. ಅದರ ಅಣ್ಣ-ತಮ್ಮನಂಥ ಸ್ಕೋಡಾ ಸ್ಲಾವಿಯಾ ಅದಕ್ಕೂ ಮೂರ್ನಾಲ್ಕು ತಿಂಗಳು ಮೊದಲು. ಎರಡರಲ್ಲೂ ದೊಡ್ಡ ಎಂಜಿನ್ನು 1.5 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೋ ಪೆಟ್ರೋಲ್. 150 ಹಾರ್ಸ್‌ಪವರ್, 250 ನ್ಯೂಟನ್ ಮೀಟರ್ ಟಾರ್ಕ್. ನನ್ನ ಗಾಜಿನ ಕೆಳಗಿನ ಆರ್‌ಎಸ್‌ನಷ್ಟೇ ಹಾರ್ಸ್‌ಪವರ್ರು, ಅದಕ್ಕಿಂತ ಚಿಕ್ಕ ಎಂಜಿನ್ನಿನಲ್ಲಿ! ಹೆದ್ದಾರಿಯಲ್ಲಿ ಹಾಯಾಗಿ ಹೋಗುವಾಗ ಎರಡು ಸಿಲಿಂಡರು ತಾವಾಗೇ ಮಲಗಿಕೊಂಡು ಪೆಟ್ರೋಲ್ ಉಳಿಸುತ್ತವೆ. ಹ್ಯುಂಡೈ ವೆರ್ನಾ 2023ರಲ್ಲಿ ಹೊಸದಾಗಿ ಬಂದಾಗ ಅದರ ಟರ್ಬೋದಲ್ಲಿ 160 ಹಾರ್ಸ್‌ಪವರ್, 253 ನ್ಯೂಟನ್ ಮೀಟರ್ ಕೊಟ್ಟರು. ಇವೆಲ್ಲ ಶೋರೂಂ ಬೆಲೆಯಲ್ಲಿ 20 ಲಕ್ಷದೊಳಗೆ ಮುಗಿಯುವ ಗಾಡಿಗಳು.

ಆ ಕಡೆಗೆ ಬನ್ನಿ. 2025ರ ಜುಲೈಯಲ್ಲಿ ಬಿಎಂಡಬ್ಲ್ಯು ಹೊಸ 2 ಸೀರೀಸ್ ಗ್ರಾನ್ ಕೂಪೆ ಬಿಟ್ಟಿತು. ಬಿಟ್ಟ ದಿನದ ಬೆಲೆ 46.90 ಲಕ್ಷ, ಶೋರೂಮಿನದು. ಎಂಜಿನ್ ಯಾವುದು ಗೊತ್ತೇ? 1.5 ಲೀಟರ್. ಸಿಲಿಂಡರು ಎಷ್ಟು? ಮೂರು. 156 ಹಾರ್ಸ್‌ಪವರ್, 230 ನ್ಯೂಟನ್ ಮೀಟರ್. ಇನ್ನೊಂದು ಸಲ ಓದಿ ಬೇಕಾದರೆ. ಆರು ಹಾರ್ಸ್‌ಪವರ್ ಜಾಸ್ತಿ, ಟಾರ್ಕ್ 20 ಕಡಿಮೆ, ಸಿಲಿಂಡರ್ ಒಂದು ಕಡಿಮೆ, ಬೆಲೆ ಎರಡೂವರೆ ಪಟ್ಟು! ಹಿಂದಿನ ಚಕ್ರ ತಳ್ಳುವ ಗಾಡಿ ಅಂತಲೇ ಆ ಕಂಪನಿಯ ಸೆಡಾನ್‌ಗಳಿಗೆ ದಶಕಗಳಿಂದ ಹೆಸರು. ಈ ಗಾಡಿಯಲ್ಲಿ ಎಳೆಯೋದು ನಮ್ಮ ನಿಮ್ಮ ಮಾರುತಿಯ ಹಾಗೆ ಮುಂದಿನ ಚಕ್ರ. ಹಾಗಾದರೆ ಉಳಿದ 28 ಲಕ್ಷ ಎಲ್ಲಿ ಹೋಯಿತು? ಮೆತ್ತನೆ ಸೀಟಿಗೆ ಸ್ವಲ್ಪ, ದೊಡ್ಡ ಪರದೆಗೆ ಸ್ವಲ್ಪ, ಒಳಗೆ ಸದ್ದು ಬಾರದ ಹಾಗೆ ಮಾಡಿದ್ದಕ್ಕೆ ಸ್ವಲ್ಪ. ಮಿಕ್ಕಿದ್ದು ಬಾನೆಟ್ಟಿನ ಮೇಲೆ ಅಂಟಿಸಿದ ಬಿಲ್ಲೆಗೆ.

ಮರ್ಸಿಡಿಸ್ ಕಥೆ ಇನ್ನೂ ಸ್ವಾರಸ್ಯ. 2021ರ ಮಾರ್ಚ್‌ನಲ್ಲಿ ಎ-ಕ್ಲಾಸ್ ಲಿಮೋಸಿನ್ ಅಂತ ಬಿಟ್ಟರು, ಪೆಟ್ರೋಲಿನದು 39.90 ಲಕ್ಷದಿಂದ ಶುರು. ಅದರ ಎಂಜಿನ್ನು ರೆನೋ ಜತೆ ಸೇರಿ ಮಾಡಿದ 1.3 ಲೀಟರ್ ಟರ್ಬೋ, 163 ಹಾರ್ಸ್‌ಪವರ್. ಅದೇ ಎಂಜಿನ್ ಕುಟುಂಬದ ಇನ್ನೊಂದು ಕುಡಿ, 156 ಹಾರ್ಸ್‌ಪವರಿನದು, 2020ರ ಆಗಸ್ಟ್‌ನಿಂದಲೇ ರೆನೋ ಡಸ್ಟರಿನಲ್ಲಿ ಹತ್ತೂವರೆ ಲಕ್ಷದಿಂದ ಸಿಗ್ತಿತ್ತು! ಡಸ್ಟರಿನಲ್ಲಿದ್ದಾಗ ಅದನ್ನು ಯಾರೂ ತಿರುಗಿ ನೋಡಲಿಲ್ಲ. ಅಂದ ಹಾಗೆ ಎ-ಕ್ಲಾಸ್ ಜೋಡಣೆ ಆದದ್ದು ಪುಣೆಯ ಚಾಕಣದಲ್ಲಿ. ವರ್ಟಸ್ ತಯಾರಾಗುವುದೂ ಚಾಕಣದಲ್ಲೇ. "ಜರ್ಮನ್ ಗಾಡಿ ಮಾವ" ಅನ್ನುವವರಿಗೆ ನಾನು ಹೇಳೋದು, ಎರಡೂ ಜರ್ಮನ್ನೇ, ಎರಡಕ್ಕೂ ಬೋಲ್ಟು ಬಿಗಿಯುವವನು ನಮ್ಮ ಮರಾಠಿ ಹುಡುಗನೇ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಅದೇ ಬಿಎಂಡಬ್ಲ್ಯುವಿನ 3 ಸೀರೀಸ್ ಬೇರೆ ಜಾತಿಯದು. 330ರಲ್ಲಿ 2 ಲೀಟರ್ ಎಂಜಿನ್, 258 ಹಾರ್ಸ್‌ಪವರ್, 400 ನ್ಯೂಟನ್ ಮೀಟರ್, ಹಿಂದಿನ ಚಕ್ರದ ತಳ್ಳು. ಅದನ್ನು ಓಡಿಸಿದವನು ಕೆಳಗಿಳಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲ್ಲ. ಕೈಯಲ್ಲಿ ದುಡ್ಡಿದ್ದರೆ, ಸಾಲ ಇಲ್ಲದೆ, ಅದನ್ನು ತಗೊಳ್ಳಿ, ನಾನೇ ಬಂದು ನಿಂಬೆಹಣ್ಣು ಇಡ್ತೀನಿ ಚಕ್ರಕ್ಕೆ. ಆಗೋದಿಲ್ಲ ಅಂದರೆ ಅದರ ಬಿಲ್ಲೆ ಹಾಕಿಕೊಂಡ ತಮ್ಮನನ್ನು ತರಬೇಡಿ. ಇನ್ನೂ ಒಂದು ಉದಾಹರಣೆ ನೋಡಿ. 2025ರ ಅಕ್ಟೋಬರಿನಲ್ಲಿ ಸ್ಕೋಡಾದವರು ಆಕ್ಟೇವಿಯಾ ಆರ್‌ಎಸ್ ಅನ್ನು ಮತ್ತೆ ತಂದರು, ಪೂರ್ತಿ ಆಮದು, 49.99 ಲಕ್ಷ, ಬರೀ 100 ಗಾಡಿ. 265 ಹಾರ್ಸ್‌ಪವರ್. ನೂರಕ್ಕೆ ನೂರೂ ಬುಕಿಂಗಿನಲ್ಲೇ ಖಾಲಿ! ಅಂದರೆ ಐವತ್ತು ಲಕ್ಷವನ್ನು ಬಿಲ್ಲೆಗಲ್ಲ, ಎಂಜಿನ್ನಿಗೆ ಸುರಿಯುವವರೂ ಇದ್ದಾರೆ ಈ ದೇಶದಲ್ಲಿ. ಅವರ ಹುಚ್ಚು ನನಗೆ ಅರ್ಥವಾಗುತ್ತೆ. ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ 156 ತಗೊಂಡು "ಸ್ಪೋರ್ಟಿ" ಅಂತ ಹೇಳಿಕೊಳ್ಳೋದು ಅರ್ಥವಾಗಲ್ಲ.

ತೆರಿಗೆಯವರು ಇದನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತಲ್ಲ. ನಾಲ್ಕು ಮೀಟರಿನೊಳಗಿನ, 1200 ಸಿಸಿಯೊಳಗಿನ ಪೆಟ್ರೋಲ್ ಕಾರಿಗೆ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. ವರ್ಟಸ್‌ಗೂ 40, ಆ 2 ಸೀರೀಸಿಗೂ 40. ಅದಕ್ಕೆ ಮುಂಚೆ ಸೆಸ್ ಸೇರಿ ಎರಡಕ್ಕೂ 45 ಇತ್ತು. ಸರ್ಕಾರದ ಪುಸ್ತಕದಲ್ಲಿ ಎರಡೂ ಒಂದೇ ಪಂಕ್ತಿಯಲ್ಲಿ ಕೂತ ಊಟದವರು. ಬಡಿಸುವ ಎಲೆ ಮಾತ್ರ ಒಬ್ಬರದು ಬಾಳೆ, ಇನ್ನೊಬ್ಬರದು ಬೆಳ್ಳಿ.

ವ್ಯಾಪಾರಸ್ಥರನ್ನು ನೋಡಿ ನಾವು ಕುಣಿಯಬಾರದು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಇದನ್ನು ಬಹಳ ಜನ ಯೋಚನೆ ಮಾಡಲ್ಲ. ಹೋಟೆಲು ನಡೆಸುವವರು, ಟ್ರಾನ್ಸ್‌ಪೋರ್ಟಿನವರು, ಡಾಕ್ಟರು, ಸಿ.ಎ.ಗಳು ಗಾಡಿಯನ್ನು ವ್ಯವಹಾರದ ಲೆಕ್ಕಕ್ಕೆ ತಗೊಳ್ಳುತ್ತಾರೆ. ವರ್ಷಕ್ಕೆ ಶೇ. 15 ಸವಕಳಿ, ಸಾಲದ ಬಡ್ಡಿ, ಪೆಟ್ರೋಲು, ಇನ್ಶೂರೆನ್ಸು, ಎಲ್ಲವನ್ನೂ ವ್ಯವಹಾರಕ್ಕೆ ಬಳಸಿದ ಮಟ್ಟಿಗೆ ಖರ್ಚಿಗೆ ಬರೆದು ಉಳಿದದ್ದರ ಮೇಲೆ ತೆರಿಗೆ ಕಟ್ಟುತ್ತಾರೆ. ಕಾನೂನು ಪ್ರಕಾರವೇ, ಅದರಲ್ಲಿ ಕಳ್ಳತನ ಏನಿಲ್ಲ. ನಾವು? ಮೊದಲು ಟಿಡಿಎಸ್ ಕತ್ತರಿಸಿ ಕೈಗೆ ಬಂದ ದುಡ್ಡಿನಲ್ಲಿ ಅದೇ ಗಾಡಿಗೆ ಕಂತು ಕಟ್ಟುತ್ತೀವಿ. ಶೇ. 30ರ ಸ್ಲ್ಯಾಬಿನಲ್ಲಿರುವವನು ಒಂದು ಲಕ್ಷ ಕಂತು ಕಟ್ಟೋದಕ್ಕೆ ಹೆಚ್ಚುಕಡಿಮೆ ಒಂದೂವರೆ ಲಕ್ಷ ದುಡಿದಿರಬೇಕು. ಒಂದೇ ಶೋರೂಂ, ಒಂದೇ ಬಣ್ಣ, ಒಂದೇ ಬಿಲ್ಲೆ. ಆದರೆ ಅವರಿಗೂ ನಮಗೂ ಬೆಲೆ ಒಂದೇ ಅಲ್ಲ.

ಈಗ ನನ್ನ ಅಕ್ಕನ ಮಗನ ವಿಷಯ. ಹೆಸರು ಬೇಡ, ಇದನ್ನು ಅವನೂ ಓದ್ತಾನೆ. ಠಾಣೆಯ ಘೋಡಬಂದರ್ ರೋಡಿನಲ್ಲಿ ಫ್ಲ್ಯಾಟು, ಅದರ ಸಾಲದ ಕಂತು 68,000. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು, ಕೈಗೆ ಬರೋದು 2.6 ಲಕ್ಷ. ಹೆಂಡತಿ ಮಗು ಆದ ಮೇಲೆ ಕೆಲಸ ಬಿಟ್ಟಿದ್ದಾಳೆ. ಕುಮಟೆಯಲ್ಲಿ ಅಕ್ಕ-ಭಾವ ಇಬ್ಬರೇ, ಭಾವನಿಗೆ ಎರಡೂ ಮಂಡಿ ಆಪರೇಷನ್ ಮಾಡಿಸಬೇಕು ಅಂತ ಡಾಕ್ಟರು ಹೇಳಿ ಒಂದು ವರ್ಷವಾಯಿತು. "ನೋಡೋಣ, ನೋಡೋಣ" ಅಂತಿದ್ದಾರೆ ಭಾವ. ಮಗ ಗಾಡಿ ನೋಡ್ತಿದ್ದಾನೆ! ವರ್ಟಸ್ ಜಿಟಿ ಓಡಿಸಿ ನೋಡಿದನಂತೆ, ಇಷ್ಟವೂ ಆಯಿತಂತೆ. ಆಮೇಲೆ ಲಕ್ಷುರಿ ಶೋರೂಮಿಗೆ ಹೋದನಂತೆ. ಅಲ್ಲಿ ಕಾಫಿ ಕೊಟ್ಟು, "ಸರ್, ನಿಮ್ಮ ಪ್ರೊಫೈಲಿಗೆ ಇದೇ ಸರಿ" ಅಂದರಂತೆ. ಪ್ರೊಫೈಲು! ನಾವು ಬ್ಯಾಂಕಿನಲ್ಲಿ ಅದನ್ನು ಬೇರೆ ಅರ್ಥದಲ್ಲಿ ಬಳಸ್ತೀವಿ.

"ತಮಾ, ಒಂದು ಕಾಗದ ತಗೊಂಡು ಬಾ" ಅಂದೆ. ಲೆಕ್ಕ ಹಾಕಿದ್ದು ಇಷ್ಟು. ಮಹಾರಾಷ್ಟ್ರದಲ್ಲಿ 20 ಲಕ್ಷದ ಮೇಲಿನ ಪೆಟ್ರೋಲ್ ಕಾರಿಗೆ ರೋಡ್ ಟ್ಯಾಕ್ಸು ಶೇ. 13, 10ರಿಂದ 20 ಲಕ್ಷದ್ದಕ್ಕೆ 12. ಅಂದರೆ ಒಂದಕ್ಕೆ ಸುಮಾರು 6 ಲಕ್ಷ, 18 ಲಕ್ಷದ ಇನ್ನೊಂದಕ್ಕೆ 2 ಲಕ್ಷ ಚಿಲ್ಲರೆ. ಇನ್ಶೂರೆನ್ಸು ಎಲ್ಲಾ ಸೇರಿ ರಸ್ತೆಗಿಳಿಯುವಾಗ ಒಂದು 54 ಲಕ್ಷದ ಹತ್ತಿರ, ಇನ್ನೊಂದು 22ರ ಹತ್ತಿರ. ಅವನ ಕೈಯಲ್ಲಿರೋದು 10 ಲಕ್ಷ. ಹಾಗಾದರೆ ಸಾಲ 44 ಲಕ್ಷ ಅಥವಾ 12 ಲಕ್ಷ. ಬಡ್ಡಿ ಶೇ. 9 ಅಂತ ಹಿಡಿದು ಏಳು ವರ್ಷಕ್ಕೆ ಲಕ್ಷಕ್ಕೆ ಕಂತು 1,609 ರೂಪಾಯಿ ಬೀಳುತ್ತೆ. 44 ಲಕ್ಷಕ್ಕೆ ತಿಂಗಳಿಗೆ 70,796. 12 ಲಕ್ಷಕ್ಕೆ 19,308. ಮೊದಲನೆಯದರಲ್ಲಿ ಬರೀ ಬಡ್ಡಿಯೇ ಹದಿನೈದೂವರೆ ಲಕ್ಷ ಆಗುತ್ತೆ. ಎರಡನೆಯದರಲ್ಲಿ 4.2 ಲಕ್ಷ. ಕಂತಿನ ವ್ಯತ್ಯಾಸ ತಿಂಗಳಿಗೆ 51,488. ಅದನ್ನು ಏನೂ ಬುದ್ಧಿವಂತಿಕೆ ಉಪಯೋಗಿಸದೆ, ಷೇರು ಗೀರು ಬೇಡ, ಬರೀ ಶೇ. 7ರ ಆರ್.ಡಿ.ಗೆ ಹಾಕಿದರೆ ಏಳು ವರ್ಷಕ್ಕೆ, ತೆರಿಗೆ ಕಳೆಯುವ ಮೊದಲು, ಸುಮಾರು 55 ಲಕ್ಷ. ಅಂದರೆ ಆ ಗಾಡಿಯ ಪೂರ್ತಿ ಬೆಲೆ!

ಅವನು ಕಾಗದ ನೋಡಿದ. "ಮಾವ, ನಿಮ್ಮ ಕಾಲದ ಲೆಕ್ಕ ಇದು" ಅಂದ. ಲೆಕ್ಕಕ್ಕೆ ಕಾಲ ಇರುತ್ತಾ? ಆಮೇಲೆ "ಬ್ಯಾಂಕಿನವರೇ ಪ್ರೀ-ಅಪ್ರೂವ್ಡ್ ಅಂತ ಮೆಸೇಜು ಕಳಿಸ್ತಾರೆ, ನನಗೆ ಎಲಿಜಿಬಿಲಿಟಿ ಇದೆ" ಅಂದ. ಅಲ್ಲಿ ನನಗೆ ಕೆರಳಿತು ನೋಡಿ. ಯಾಕೆಂದರೆ ಆ ಮೆಸೇಜು ಕಳಿಸುವ ಕಡೆಯಲ್ಲೇ ಕೂತವನು ನಾನು. ಮನೆಸಾಲ ಮತ್ತು ಕಾರು ಸಾಲ ಸೇರಿ 1.39 ಲಕ್ಷ, ಸಂಬಳದ ಅರ್ಧದ ಮೇಲೆ. ಆದರೂ ಸ್ಯಾಂಕ್ಷನ್ ಆಗುತ್ತೆ. ಸಿಬಿಲ್ ಸ್ಕೋರು ಚೆನ್ನಾಗಿದೆ, ಸಂಬಳದ ಅಕೌಂಟು ನಮ್ಮಲ್ಲೇ ಇದೆ, ಗಾಡಿ ನಮ್ಮ ಹೆಸರಿಗೆ ಹೈಪಾಥಿಕೇಷನ್ ಆಗಿರುತ್ತೆ. ಬ್ಯಾಂಕು ನೋಡೋದು ತನ್ನ ದುಡ್ಡು ವಾಪಸ್ಸು ಬರುತ್ತಾ ಅಂತ. ನಿಮ್ಮ ಅಪ್ಪನ ಮಂಡಿ ಆಪರೇಷನ್ ಆಗುತ್ತಾ ಅಂತ ನೋಡೋದಕ್ಕೆ ಅಪ್ಲಿಕೇಷನ್ ಫಾರಮ್ಮಿನಲ್ಲಿ ಕಾಲಂ ಇಲ್ಲ.

2020ರಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕು ಕಂತಿಗೆ ವಿನಾಯಿತಿ ಕೊಟ್ಟಿತ್ತು, ನೆನಪಿದೆಯಲ್ಲ? ಆಗ ನನ್ನ ಟೇಬಲ್ಲಿಗೆ ಬಂದ ಅರ್ಜಿಗಳನ್ನು ನಾನು ಮರೆಯೋದಿಲ್ಲ. ಕೆಲಸ ಹೋದವರು, ಅರ್ಧ ಸಂಬಳದವರು. ಸಣ್ಣ ಗಾಡಿಯವರು ಬಂದು "ಸಾರ್, ಮೂರು ತಿಂಗಳು ಸಾಕು" ಅಂದರು, ಆಮೇಲೆ ಹೇಗೋ ಕಟ್ಟಿದರು. ದೊಡ್ಡ ಗಾಡಿಯ ಒಬ್ಬ ಗ್ರಾಹಕ ಇದ್ದರು, ನಲವತ್ತು ದಾಟಿದವರು, ಒಳ್ಳೇ ಮನುಷ್ಯ, ನಮ್ಮ ಕಡೆಯವರೇ. ಫೋನಿನಲ್ಲಿ ಕನ್ನಡದಲ್ಲಿ ಮಾತಾಡ್ತಿದ್ದರು, ಪಕ್ಕದವರಿಗೆ ತಿಳಿಯಬಾರದು ಅಂತ. ಗಾಡಿ ಮಾರೋಣ ಅಂದರೆ ಬಂದ ಬೆಲೆ ಬಾಕಿಗಿಂತ ಕಡಿಮೆ. ಇಟ್ಟುಕೊಳ್ಳೋಣ ಅಂದರೆ ಕಂತು. ಕೊನೆಗೆ ಹೆಂಡತಿಯ ಒಡವೆ ನಮ್ಮಲ್ಲೇ ಅಡವಿಟ್ಟು ಗಾಡಿ ಸಾಲದ ವ್ಯತ್ಯಾಸ ತುಂಬಿದರು. ಆ ಚಿನ್ನದ ಸಾಲಕ್ಕೂ ಸಹಿ ಮಾಡಿದವನು ನಾನೇ. ಚಿನ್ನ ತೂಕ ಮಾಡುವಾಗ ಆ ಹೆಣ್ಣುಮಗಳು ಕಿಟಕಿ ಕಡೆ ನೋಡ್ತಾ ನಿಂತಿದ್ದರು.

ಈಗ ಹೊಸದೊಂದು ಬಂದಿದೆ, ಕಂತು ಕಡಿಮೆ ಕಾಣುವ ಸ್ಕೀಮು. ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು ನೋಡಿರ್ತೀರಿ: ತಿಂಗಳಿಗೆ ಇಷ್ಟೇ, ಅಷ್ಟೇ, ಮೂರು-ನಾಲ್ಕು ವರ್ಷ ಆದ ಮೇಲೆ ನಾವೇ ವಾಪಸ್ಸು ತಗೊಳ್ತೀವಿ ಅಂತ. ಇದರ ಒಳಗುಟ್ಟು ಸರಳ. ಗಾಡಿಯ ಬೆಲೆಯಲ್ಲಿ ದೊಡ್ಡದೊಂದು ಭಾಗವನ್ನು ಕೊನೆಗೆ ಒಟ್ಟಿಗೆ ಕಟ್ಟಲಿ ಅಂತ ಬದಿಗಿಟ್ಟಿರುತ್ತಾರೆ. ನೀವು ತಿಂಗಳು ತಿಂಗಳು ತೀರಿಸೋದು ಮಿಕ್ಕ ಭಾಗದ ಅಸಲು ಮಾತ್ರ. ಆದರೆ ಬಡ್ಡಿ? ಬದಿಗಿಟ್ಟ ಭಾಗದ ಮೇಲೂ ಪ್ರತಿ ತಿಂಗಳೂ ಓಡ್ತಾ ಇರುತ್ತೆ, ಅದರ ಅಸಲು ಒಂದು ಪೈಸೆಯೂ ಇಳಿಯದೆ. ಕೊನೆಗೆ ಮೂರೇ ದಾರಿ. ಒಟ್ಟಿಗೆ ಅಷ್ಟು ಕಟ್ಟಿ, ಅಥವಾ ಮತ್ತೆ ಸಾಲ ಮಾಡಿ, ಅಥವಾ ಗಾಡಿ ಕೊಟ್ಟು ಕೈ ಬೀಸಿಕೊಂಡು ಮನೆಗೆ ಹೋಗಿ. ವಾಪಸ್ಸು ಕೊಡುವಾಗ ಎಷ್ಟು ಕಿಲೋಮೀಟರ್ ಓಡಿದೆ, ಎಲ್ಲಿ ಗೀಚಿದೆ ಅಂತ ಷರತ್ತು ಇರುತ್ತೆ, ಸಣ್ಣಕ್ಷರದಲ್ಲಿ. ಊರಲ್ಲಿ ಇದನ್ನು ಬಾಡಿಗೆ ಅಂತಾರೆ. ಬಾಡಿಗೆ ಗಾಡಿಗೆ ರೋಡ್ ಟ್ಯಾಕ್ಸು, ಇನ್ಶೂರೆನ್ಸು ಕೂಡ ನೀವೇ ಕಟ್ಟಿದ್ದು ಅನ್ನೋದು ಇದರ ವಿಶೇಷ!

ಇನ್ಶೂರೆನ್ಸ್ ಅಂದ ತಕ್ಷಣ ನೆನಪಾಯಿತು. ಪಾಲಿಸಿಯಲ್ಲಿ ಐಡಿವಿ ಅಂತ ಬರೆದಿರುತ್ತಲ್ಲ, ಗಾಡಿ ಕಳೆದರೆ ಕೊಡುವ ಮೊತ್ತ, ಅದಕ್ಕೊಂದು ಸವಕಳಿ ಪಟ್ಟಿ ಇದೆ. ಆರು ತಿಂಗಳೊಳಗೆ ಶೇ. 5, ವರ್ಷದೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಎಲ್ಲಾ ಗಾಡಿಗೂ ಅದೇ ಪಟ್ಟಿ. ಐದನೇ ವರ್ಷದಲ್ಲಿ 18 ಲಕ್ಷದ್ದರಲ್ಲಿ 9 ಕರಗಿರುತ್ತೆ, 46.90ರದ್ದರಲ್ಲಿ ಇಪ್ಪತ್ತಮೂರೂವರೆ. ಕಟ್ಟಿದ ಆರು ಲಕ್ಷ ರೋಡ್ ಟ್ಯಾಕ್ಸು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಬೇರೆ ಕವರು, ಬೇರೆ ಪ್ರೀಮಿಯಂ. ಪ್ಲಾಸ್ಟಿಕ್ಕು, ರಬ್ಬರು, ಟೈರಿನ ಭಾಗಕ್ಕೆ ಕ್ಲೇಮಿನಲ್ಲಿ ಅರ್ಧವೇ ಬರೋದು, ಜೀರೋ-ಡೆಪ್ ತಗೊಂಡಿಲ್ಲದಿದ್ದರೆ. ಈಗಿನ ಬಂಪರು, ಲೈಟಿನ ಮನೆ ಎಲ್ಲಾ ಪ್ಲಾಸ್ಟಿಕ್ಕೇ ಅಲ್ವೇ.

ಎದುರು ವಾದಗಳನ್ನು ನಾನು ಕೇಳಿಲ್ಲ ಅಂದುಕೊಳ್ಳಬೇಡಿ. "ಸೇಫ್ಟಿ ಮಾವ, ಸೇಫ್ಟಿ" ಅಂದ ಅಕ್ಕನ ಮಗ. ಸ್ಲಾವಿಯಾ, ವರ್ಟಸ್ ಎರಡಕ್ಕೂ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ಐದು ಸ್ಟಾರು ಸಿಕ್ಕಿದೆ. ಅದೇ ವರ್ಷ ವೆರ್ನಾಗೂ ಐದು. ಇನ್ನೆಷ್ಟು ನಕ್ಷತ್ರ ಬೇಕು? "ಕಂಫರ್ಟು" ಅಂದ. ಅದು ನಿಜ. ಲಕ್ಷುರಿ ಗಾಡಿಯೊಳಗೆ ಕೂತರೆ ಹೊರಗಿನ ಎಲ್‌ಬಿಎಸ್ ರೋಡು ಇನ್ಯಾವುದೋ ದೇಶದಲ್ಲಿದೆ ಅನ್ನಿಸುತ್ತೆ, ಒಪ್ಪಿದೆ. ಆದರೆ ಆ ಕೂಪೆ ಗಾಡಿಯ ಮಾಡು ಹಿಂದಕ್ಕೆ ಇಳಿಜಾರು, ನಮ್ಮ ಕಡೆ ಹಂಚಿನ ಮನೆಯ ಜಗಲಿ ಹಾಗೆ. ಮಂಡಿ ನೋವಿನ ಭಾವನನ್ನು ಅದರ ಹಿಂದಿನ ಸೀಟಿಗೆ ತಲೆ ಬಗ್ಗಿಸಿ ತೂರಿಸೋದು ಹೇಗೆ ಅಂತ ಶೋರೂಮಿನಲ್ಲಿ ಯಾರೂ ತೋರಿಸಿರೋದಿಲ್ಲ. "ಇರೋದು ಒಂದೇ ಜೀವನ" ಅಂದ. ಇದಕ್ಕೆ ಏನು ಹೇಳೋದು? ಒಂದೇ ಜೀವನ ಅಂತಲೇ ಅಲ್ಲವೇ ಅದರಲ್ಲಿ ಏಳು ವರ್ಷವನ್ನು ಯಾರಿಗೆ ಬರೆದುಕೊಡ್ತೀವಿ ಅಂತ ನೋಡಬೇಕಾದ್ದು.

ಕಂಪನಿಗಳನ್ನೂ ಬೈಯಬೇಕು, ಬರೀ ಹುಡುಗರನ್ನಲ್ಲ. ಹಿಂದೆ ನಡುವೆ ಒಂದು ಮೆಟ್ಟಿಲಿತ್ತು. ಕೊರೊಲಾ ಆಲ್ಟಿಸ್, ಸಿವಿಕ್, ಎಲಾಂಟ್ರಾ, ಆಕ್ಟೇವಿಯಾ. ಸಿಟಿ ಮಾರಿ ಸಿವಿಕ್ಕಿಗೆ ಏರಿದವನು ಅಲ್ಲೇ ತೃಪ್ತಿಯಾಗಿ ರಿಟೈರ್ ಆಗ್ತಿದ್ದ. ಆಲ್ಟಿಸ್ 2020ರಲ್ಲಿ ಹೋಯಿತು, ಅದೇ ವರ್ಷದ ಕೊನೆಗೆ ಗ್ರೇಟರ್ ನೋಯ್ಡಾ ಫ್ಯಾಕ್ಟರಿ ಮುಚ್ಚಿ ಸಿವಿಕ್ಕೂ ಹೋಯಿತು. ಎಲಾಂಟ್ರಾ 2022ರಲ್ಲಿ, ಹಳೇ ಆಕ್ಟೇವಿಯಾ 2023ರಲ್ಲಿ. ಈಗ 20 ಲಕ್ಷದಿಂದ 40 ಲಕ್ಷದವರೆಗೆ ಪೆಟ್ರೋಲ್ ಸೆಡಾನ್ ಹುಡುಕಿ ನೋಡಿ, ಬಯಲೋ ಬಯಲು. ಎಸ್‌ಯುವಿಗಳು ಆ ಜಾಗ ತಿಂದವು. ಸೆಡಾನೇ ಬೇಕು, ಆದರೆ "ಒಂದು ಮೆಟ್ಟಿಲು ಮೇಲೆ" ಬೇಕು ಅನ್ನುವವನ ಮುಂದೆ ಮೆಟ್ಟಿಲೇ ಇಲ್ಲ, ಏಣಿ ಇಟ್ಟಿದ್ದಾರೆ. ಏಣಿ ಬ್ಯಾಂಕಿನದು.

ಆದರೆ ನಿಜ ಹೇಳಲಾ? ಮುಂಬಯಿಯಲ್ಲಿ ನಮ್ಮ ಗಾಡಿಯನ್ನು ಯಾರೂ ನೋಡಲ್ಲ. ಇಲ್ಲಿ ನೋಡಿಸಿಕೊಳ್ಳಬೇಕಾದರೆ ಅದಕ್ಕಿಂತ ಎಷ್ಟೋ ದೊಡ್ಡದು ಬೇಕು. ನಾವು ತೋರಿಸಬೇಕು ಅಂದುಕೊಂಡಿರೋದು ಊರಿನಲ್ಲಿ. ತೇರಿಗೆ ಹೋದಾಗ, ಮದುವೆಮನೆ ಚಪ್ಪರದ ಮುಂದೆ, "ಮುಂಬಯಿಯಿಂದ ಬಂದವರದ್ದು" ಅಂತ ನಾಲ್ಕು ಜನ ಸುತ್ತ ನಿಲ್ಲಬೇಕು. ಆ ನಾಲ್ಕು ದಿನಕ್ಕಾಗಿ ವರ್ಷಪೂರ್ತಿ ಕಂತು! ಅದೂ ಊರಿನ ದಾರಿ ಹೇಗಿದೆ? ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿವರೆಗೆ ಸರಿ. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಅಂಕೋಲೆಗೆ ಬಂದು, ಆಮೇಲೆ ನಮ್ಮ ಮನೆ ಕೂಡುರಸ್ತೆ. ಅಲ್ಲಿ ಪಂಚಾಯ್ತಿಯವರು ಹಾಕಿದ ಉಬ್ಬು ಇದೆ, ಅದು ಉಬ್ಬಲ್ಲ, ಸಣ್ಣ ಗುಡ್ಡ. ವರ್ಟಸ್‌ನ ನೆಲದಂತರ 179 ಮಿಲಿಮೀಟರು, ಓರೆಯಾಗಿ ಹತ್ತಿಸಿದರೆ ಹೊಟ್ಟೆ ತಾಗಲ್ಲ. ಡಿಕ್ಕಿ 521 ಲೀಟರು. ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಎರಡು ಹಲಸಿನಹಣ್ಣು, ಅಕ್ಕ ಕಟ್ಟಿಕೊಡುವ ಹಪ್ಪಳದ ಡಬ್ಬ ಎಲ್ಲಾ ಹಿಡಿದು ಜಾಗ ಉಳಿಯುತ್ತೆ. ಎಷ್ಟೋ ಲಕ್ಷುರಿ ಗಾಡಿಗಳಲ್ಲಿ ಸ್ಟೆಪ್ನಿಯೇ ಇರಲ್ಲ, ರನ್-ಫ್ಲಾಟ್ ಟೈರು ಹಾಕಿರ್ತಾರೆ. ಅದು ಘಾಟಿಯಲ್ಲಿ ಸೀಳಿತು ಅಂದರೆ ಅಂಕೋಲೆಯ ಪಂಕ್ಚರ್ ಅಂಗಡಿಯವನು ಟೈರನ್ನೂ ನಿಮ್ಮನ್ನೂ ನೋಡಿ ಮೀಸೆಯೊಳಗೆ ನಗ್ತಾನೆ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ ಗಂಟೆಗೆ 100. ಕ್ಯಾಮರಾ ಬೇರೆ. 150 ಹಾರ್ಸ್‌ಪವರನ್ನೇ ಪೂರ್ತಿ ಬಿಚ್ಚೋದಕ್ಕೆ ಜಾಗ ಇಲ್ಲ.

ವರ್ಟಸ್, ಸ್ಲಾವಿಯಾಗಳು ದೇವರ ಗಾಡಿ ಅಂತ ನಾನು ಹೇಳ್ತಿಲ್ಲ, ಅವರು ನನಗೇನೂ ಕಮಿಷನ್ ಕೊಡಲ್ಲ. ಅವುಗಳ ಏಳು ಗೇರಿನ ಡಿಎಸ್‌ಜಿ ಒಣ ಕ್ಲಚ್ಚಿನದು. ಇಂಚಿಂಚು ಸರಿಯುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತೆ, ಈ ಜಾತಿಯ ಗೇರ್‌ಬಾಕ್ಸಿನ ಬಗ್ಗೆ ಹಳೇ ದೂರುಗಳು ಬೇಕಾದಷ್ಟಿವೆ. ವಾರಂಟಿ ಮುಂದುವರಿಸಿಕೊಳ್ಳಿ, ಇಲ್ಲವೇ ಕೈಯಲ್ಲಿ ಗೇರ್ ಹಾಕೋದು ತಗೊಳ್ಳಿ, ಮಜಾನೂ ಅದರಲ್ಲೇ. ಸರ್ವಿಸ್ಸಿಗೆ ಮಾರುತಿಯಷ್ಟು ಅಂಗಡಿ ಇಲ್ಲ. ಬಾಗಿಲಿನ ಪ್ಲಾಸ್ಟಿಕ್ಕು ಕೆಲವು ಕಡೆ ಗಡಸು. ಇಷ್ಟೆಲ್ಲ ಇದ್ದೂ, ಕೆಟ್ಟರೆ ರಿಪೇರಿ ಬಿಲ್ಲು 18 ಲಕ್ಷದ ಗಾಡಿಯ ಬಿಲ್ಲು. 47 ಲಕ್ಷದ್ದಲ್ಲ.

ರಿಟೈರ್ ಆಗಿ ಊರಿಗೆ ಹೋಗುವ ಯೋಚನೆ ಇರುವ ನನ್ನ ವಾರಿಗೆಯವರಿಗೆ ಇನ್ನೊಂದು ಮಾತು, ಇದನ್ನು ಯಾರೂ ಹೇಳಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಗಾಡಿ ಇಟ್ಟರೆ ಅಲ್ಲಿನ ನಂಬರು ಹಾಕಿಸಬೇಕು. ಕರ್ನಾಟಕದಲ್ಲಿ ಹೊಸ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ 10ರಿಂದ 20 ಲಕ್ಷದವರೆಗೆ ಶೇ. 17, ಅದರ ಮೇಲೆ 18, ಜತೆಗೆ ಸೆಸ್ಸು. ಹಳೇ ಗಾಡಿಗೆ ವಯಸ್ಸಿಗೆ ತಕ್ಕ ಹಾಗೆ ಕಡಿಮೆ ಆಗುತ್ತೆ, ಆದರೆ ಮೂಲ ಬೆಲೆ ದೊಡ್ಡದಾದಷ್ಟೂ ಪೆಟ್ಟು ದೊಡ್ಡದು. ಮೊದಲು ಅಲ್ಲಿ ಕಟ್ಟಿ, ಆಮೇಲೆ ಮಹಾರಾಷ್ಟ್ರದಲ್ಲಿ ಉಳಿದ ವರ್ಷಗಳ ಟ್ಯಾಕ್ಸು ವಾಪಸ್ಸು ಕೇಳಿ ಆರ್‌ಟಿಒಗೆ ಅಲೆಯಬೇಕು. ನೌಕರಿ ಇರುವಾಗಲೇ ಬಿಎಚ್ ನಂಬರು ತಗೊಂಡಿದ್ದರೆ ಈ ತಲೆನೋವು ಕಡಿಮೆ. ಅದರಲ್ಲೂ 20 ಲಕ್ಷದ ಮೇಲಿನದಕ್ಕೆ ದರ ಜಾಸ್ತಿ.

ಅಕ್ಕನ ಮಗ ಇನ್ನೂ ಬುಕ್ ಮಾಡಿಲ್ಲ ಅಂತ ಸೊಸೆ ಹೇಳಿದಳು. ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳಂತೆ. ಇದನ್ನು ಓದಿ ಸಿಟ್ಟು ಬಂದ ಲಕ್ಷುರಿ ಗಾಡಿಯ ಮಿತ್ರರು, ಸಂಬಳದವರು ಮಾತ್ರ, ಒಂದು ಕೆಲಸ ಮಾಡಿ. ಐದು ವರ್ಷ ಇಟ್ಟುಕೊಂಡಿದ್ದರೆ ಸರ್ವಿಸ್ ಬಿಲ್ಲು, ಟೈರಿನ ಬಿಲ್ಲು, ಇನ್ಶೂರೆನ್ಸು, ಕಂತಿನ ಸ್ಟೇಟ್‌ಮೆಂಟು, ಈಗ ಮಾರಿದರೆ ಬರುವ ಬೆಲೆ ಎಲ್ಲಾ ಬರೆದು ಕಳಿಸಿ. ಹೆಸರು ಹಾಕದೆ ಇಲ್ಲೇ ಪೂರ್ತಿ ಪ್ರಕಟಿಸ್ತೀನಿ, ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದೆ.